ಅಣಬೆ ಬೆಳೆದರೂ ರೈತರೇನಾ?

ಸೋಂಕು ರೋಗ ಬಂದು ಊರಿಗೆ ಊರೇ ಬಾಗಿಲು ಹಾಕಿಕೊಂಡ ಕಾಲ ನಿಮಗೆಲ್ಲ ನೆನಪಿದ್ದೇ ಇರುತ್ತದೆ. ಯಾವ ಅಂಗಡಿ ತೆರೆದಿದೆ, ಯಾವುದು ಮುಚ್ಚಿದೆ, ಯಾವ ರಸ್ತೆಯಲ್ಲಿ ಹೋದರೆ ಪೊಲೀಸರು ತಡೆಯುತ್ತಾರೆ, ಯಾರನ್ನು ಕೇಳಿದರೂ ಒಂದೊಂದು ಉತ್ತರ. ಬೆಳಿಗ್ಗೆ ಕೇಳಿದ ಸುದ್ದಿ ಸಂಜೆಗೆ ಸುಳ್ಳಾಗಿರುತ್ತಿತ್ತು. ಅಂಥ ದಿನಗಳಲ್ಲಿ ಒಂದು ಮನೆಯವರಿಗೆ ಏನಾಯಿತು ಅಂತ ಹೇಳುತ್ತೇನೆ, ಕೇಳಿ.

ಆ ಮನೆಯ ಸೊಸೆಯನ್ನು ಬೀದಿಯವರೆಲ್ಲ ಅಣಬೆಯಕ್ಕ ಎಂದೇ ಕರೆಯುತ್ತಿದ್ದರು. ಮನೆಯ ಹಿಂದೆ, ಮೊದಲು ದನ ಕಟ್ಟುತ್ತಿದ್ದ ಕೊಟ್ಟಿಗೆಯಲ್ಲಿ ಅವಳು ಅಣಬೆ ಬೆಳೆಯುತ್ತಿದ್ದಳು. ಹುಲ್ಲನ್ನು ಸಣ್ಣಗೆ ಕತ್ತರಿಸಿ, ನೆನೆಹಾಕಿ, ಡ್ರಮ್ಮಿನಲ್ಲಿ ಬೇಯಿಸಿ, ಆರಿದ ಮೇಲೆ ಅಣಬೆ ಬೀಜ ಬೆರೆಸಿ ಉದ್ದನೆಯ ಪ್ಲಾಸ್ಟಿಕ್ ಚೀಲಗಳಿಗೆ ತುಂಬುತ್ತಿದ್ದಳು. ಚೀಲಗಳನ್ನು ಹಗ್ಗಕ್ಕೆ ತೂಗುಹಾಕಿ, ಕಿಟಕಿಗೆ ಒದ್ದೆ ಗೋಣಿತಾಟು ಕಟ್ಟುತ್ತಿದ್ದಳು. ಕೆಲವು ವಾರ ಕಳೆದರೆ ಚೀಲದ ತೂತುಗಳಿಂದ ಬಿಳಿ ಅಣಬೆಗಳು ಗೊಂಚಲು ಗೊಂಚಲಾಗಿ ಹೊರಗೆ ಬರುತ್ತಿದ್ದವು. ಬೆಳಿಗ್ಗೆ ಕಿತ್ತಿದ್ದು ಮಧ್ಯಾಹ್ನದೊಳಗೆ ಪೇಟೆಯ ಹೋಟೆಲ್‌ಗಳಿಗೆ ತಲುಪಬೇಕು. ತಡವಾದರೆ ಬಾಡಿ ಹೋಗುತ್ತದೆ.

ಅವಳ ಗಂಡ ದರ್ಜಿ. ಮನೆಯ ಮುಂದಿನ ಕೋಣೆಯಲ್ಲೇ ಅವನ ಹೊಲಿಗೆ ಮೆಷಿನ್. ಶಾಲೆಯ ಮಕ್ಕಳ ಸಮವಸ್ತ್ರ ಹೊಲಿಯುವುದು ಅವನ ಮುಖ್ಯ ಕೆಲಸ. ಮನುಷ್ಯ ಒಳ್ಳೆಯವನೇ, ಆದರೆ ಬಲು ಪುಕ್ಕಲು. ಒಂದು ತುಂಡು ಬಟ್ಟೆ ಕತ್ತರಿಸುವ ಮೊದಲು ಅಳೆದು, ಮತ್ತೆ ಅಳೆದು, ಹೆಂಡತಿಯನ್ನು ಕರೆದು ಅವಳ ಕೈಯಲ್ಲೂ ಅಳೆಸುತ್ತಿದ್ದ.

ಮನೆಯಲ್ಲಿ ಇನ್ನೊಬ್ಬರು ಅತ್ತೆ, ದರ್ಜಿಯ ತಾಯಿ. ಬೇರೆಯವರ ಹೊಲವನ್ನು ಗುತ್ತಿಗೆಗೆ ಹಿಡಿದು ಗಂಡನ ಜೊತೆ ದುಡಿದು ಬಾಳಿದ ಹೆಂಗಸು. ಗಂಡ ಹೋದ ಮೇಲೆ ಹೊಲವೂ ಹೋಯಿತು, ದನಗಳೂ ಹೋದವು. ಕೊಟ್ಟಿಗೆಯಲ್ಲಿ ಸೊಸೆ ಚೀಲ ತೂಗುಹಾಕಿದ್ದನ್ನು ಕಂಡರೆ ಅವರಿಗೆ ನಗು.

"ಮಣ್ಣಿಲ್ಲ, ಬಿಸಿಲಿಲ್ಲ. ಕತ್ತಲ ಕೋಣೇಲಿ ಬೆಳೆಯೋದಕ್ಕೆ ಬೇಸಾಯ ಅಂತಾರೇನೇ?" ಎಂದು ಕೇಳುತ್ತಿದ್ದರು.

"ಬೇಸಾಯನೋ ಏನೋ ಗೊತ್ತಿಲ್ಲ ಅತ್ತೆ. ಸಂತೋಷವಾಗಿ ಬೆಳೀತಾ ಇದೆ," ಎನ್ನುತ್ತಿದ್ದಳು ಅಣಬೆಯಕ್ಕ.

ಹೀಗಿರುವಾಗ ರೋಗ ಬಂತು. ಮೊದಲು ಶಾಲೆ ಮುಚ್ಚಿತು. ದರ್ಜಿಯ ಮೆಷಿನ್ ನಿಂತಿತು. ಆಮೇಲೆ ಪೇಟೆಯ ಹೋಟೆಲಿನ ಅಡುಗೆಯವರು ಫೋನ್ ಮಾಡಿದರು. "ಅಕ್ಕಾ, ನಾಳೆಯಿಂದ ತರಬೇಡಿ. ಹೋಟೆಲ್ ಮುಚ್ತಾ ಇದೀವಿ."

"ಎಷ್ಟು ದಿನಕ್ಕೆ ಸಾರ್?"

"ಯಾರಿಗೆ ಗೊತ್ತು?"

ಹೋಟೆಲ್ ಮುಚ್ಚಿದರೂ ಕೊಟ್ಟಿಗೆಯಲ್ಲಿ ಬೆಳೆ ನಿಲ್ಲಲಿಲ್ಲ. ಆ ಸಲದ ಹಾಗೆ ಗೊಂಚಲುಗಳು ಹಿಂದೆಂದೂ ಬಂದಿರಲಿಲ್ಲ. ಅಣಬೆಯಕ್ಕ ಮುಖಕ್ಕೆ ಬಟ್ಟೆ ಕಟ್ಟಿಕೊಂಡು ಬೀದಿಯ ಮನೆಮನೆಗೆ ಹಂಚಿದಳು. ಮೊದಮೊದಲು ಎಲ್ಲರೂ ಬಾಯ್ತುಂಬ ಹರಸಿ ಇಸಿದುಕೊಂಡರು. ಹುರಿದು ತಿಂದರು, ಬೇಯಿಸಿ ತಿಂದರು. ಬರಬರುತ್ತಾ ಅವಳ ಬುಟ್ಟಿ ಕಂಡರೆ ಜನ ಮೆಲ್ಲಗೆ ಬಾಗಿಲು ಮುಂದೆ ಮಾಡತೊಡಗಿದರು. ಉಳಿದ ಬೆಳೆ ಹಳದಿಯಾಗಿ, ನೀರಾಗಿ, ವಾಸನೆ ಬಂತು. ಕೊನೆಗೆ ಅವಳು ಮೂಗು ಮುಚ್ಚಿಕೊಂಡು ಚೀಲಗಳನ್ನೆಲ್ಲ ಬಿಚ್ಚಿ ಹಿತ್ತಲ ಮೂಲೆಯಲ್ಲಿ ಸುರಿದಳು. ಸುರಿದು ಬಂದು, ಖಾಲಿ ಹಗ್ಗಗಳ ಕೆಳಗೆ ಸುಮ್ಮನೆ ಕುಳಿತುಬಿಟ್ಟಳು.

ತಿಂಗಳುಗಳು ಕಳೆದವು. ಹೋಟೆಲ್‌ಗಳು ಅರ್ಧ ಬಾಗಿಲು ತೆರೆದವು. ಆದರೆ ಹೊಸದಾಗಿ ಬೀಜ ತರಲು, ಹುಲ್ಲು ಕೊಳ್ಳಲು ಮನೆಯಲ್ಲಿ ಏನೂ ಉಳಿದಿರಲಿಲ್ಲ. ಅಷ್ಟರಲ್ಲಿ ಸಿಮೆಂಟ್ ಅಂಗಡಿಯವರು ಬಂದು ಕೊಟ್ಟಿಗೆಯನ್ನು ನೋಡಿಕೊಂಡು ಹೋದರು. ಮೂಟೆ ಪೇರಿಸಲು ಅವರಿಗೊಂದು ಜಾಗ ಬೇಕಿತ್ತು.

"ಬಾಡಿಗೆಗೆ ಕೊಟ್ಟುಬಿಡೋಣ ಕಣೇ. ತಿಂಗಳಾದ್ರೆ ಏನೋ ಒಂದಷ್ಟು ಬರುತ್ತೆ," ಎಂದ ದರ್ಜಿ.

"ಒಂದು ಸಲ ಸಿಮೆಂಟ್ ಹೊಕ್ಕರೆ ಆ ಜಾಗ ಮತ್ತೆ ಅಣಬೆಗೆ ಆಗಲ್ಲ ರೀ. ಸ್ವಲ್ಪ ತಡೀರಿ."

"ಎಷ್ಟು ದಿನ ತಡೀಲಿ? ಯಾವುದನ್ನ ನಂಬಿ ತಡೀಲಿ?"



ಎದುರು ಮನೆಯಲ್ಲಿ ಒಬ್ಬರು ಹಿರಿಯರಿದ್ದರು. ಬೀದಿಯವರು ಅವರಿಗೆ ಇಟ್ಟ ಹೆಸರು ರೇಡಿಯೋ ಮಾವ. ಜಗತ್ತಿನ ಸುದ್ದಿಯೆಲ್ಲ ಮೊದಲು ಅವರಿಗೆ ಮುಟ್ಟಬೇಕು, ಅವರಿಂದ ಬೀದಿಗೆ ಮುಟ್ಟಬೇಕು. ಒಂದು ದಿನ ಅವರು ಕಟ್ಟೆಯ ಮೇಲೆ ನಿಂತುಕೊಂಡೇ ಕೂಗಿದರು.

"ಏನಪ್ಪಾ ದರ್ಜಿ, ಕೇಳಿದ್ಯಾ? ರೋಗದ ಕಾಲದಲ್ಲಿ ನಷ್ಟ ಆದ ರೈತರಿಗೆ ಸರ್ಕಾರ ಪರಿಹಾರ ಕೊಡ್ತಂತೆ!"

ಅಣಬೆಯಕ್ಕ ಒಳಗಿನಿಂದ ಓಡಿ ಬಂದಳು. "ಯಾವ ರೈತರಿಗೆ ಮಾವ?"

"ರೈತರಿಗೆ ಅಂದ್ರೆ ರೈತರಿಗೆ. ಅಷ್ಟೇ ಹೇಳಿದ್ದು."

ಮರುದಿನ ಅದೇ ರೇಡಿಯೋ ಮಾವ ಬೇರೆ ರಾಗ ಹಾಡಿದರು. "ಅದು ಪರಿಹಾರ ಅಲ್ವಂತಪ್ಪಾ, ಸಾಲವಂತೆ. ಈಗ ಕೊಟ್ಟು ಆಮೇಲೆ ಬಡ್ಡಿ ಸಮೇತ ಎಳ್ಕೊಳ್ತಾರಂತೆ." ಅದರ ಮಾರನೇ ದಿನ ಹಾಲು ಹಾಕುವವನು ಹೇಳಿದ, ತೆಗೆದುಕೊಂಡವರ ರೇಷನ್ ಕಾರ್ಡ್ ಹೋಗುತ್ತದಂತೆ. ಕ್ಷೌರದ ಅಂಗಡಿಯಲ್ಲಿ ದರ್ಜಿ ಇನ್ನೊಂದು ಕೇಳಿಕೊಂಡು ಬಂದ. ಯಾವ ಜಾಗಕ್ಕೆ ಹಣ ಬರುತ್ತದೋ ಆ ಜಾಗ ಸರ್ಕಾರದ ಹೆಸರಿಗೆ ಹೋಗುತ್ತದಂತೆ.

"ಯಾರು ಹೇಳಿದ್ದು?" ಎಂದು ಕೇಳಿದಳು ಅಣಬೆಯಕ್ಕ.

"ಅಲ್ಲಿ ಕೂತಿದ್ದೋರು."

"ಅವರಿಗೆ ಯಾರು ಹೇಳಿದ್ದು?"

"ಅದನ್ನ ಕೇಳಲಿಲ್ಲ."

ಅತ್ತೆ ಮೂಲೆಯಲ್ಲಿ ಕುಳಿತು ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದರು. "ಇಬ್ಬರೂ ಸುಮ್ನೆ ತಲೆ ಕೆಡಿಸ್ಕೊಳ್ತಿದೀರಾ. ಅದು ಸಾಲವೋ ದಾನವೋ, ನಮಗ್ಯಾಕೆ? ನಾವು ರೈತರೇ ಅಲ್ವಲ್ಲ," ಎಂದರು.

ಅಣಬೆಯಕ್ಕನ ತಲೆ ಗಿರ್ರೆಂದಿತು. ಬರುವುದೋ ಇಲ್ಲವೋ, ಬಂದರೆ ಒಳ್ಳೆಯದೋ ಕೆಟ್ಟದ್ದೋ, ತಮಗೆ ಸಲ್ಲುತ್ತದೋ ಇಲ್ಲವೋ, ಒಂದೂ ತಿಳಿಯದು. ಮುಂದಿನ ಕೋಣೆಯಲ್ಲಿ ಗಂಡ ನಿಂತ ಮೆಷಿನ್ನಿಗೆ ಎಣ್ಣೆ ಬಿಡುತ್ತಿದ್ದ. ಹೊಲಿಯಲು ಬಟ್ಟೆಯಿಲ್ಲದಿದ್ದರೂ ದಿನಾ ಎಣ್ಣೆ ಬಿಡುತ್ತಿದ್ದ.

ಆ ವಾರವೇ ಬೀದಿಗೆ ಸ್ಕೂಟರ್ ಮೇಡಂ ಬಂದರು. ಅವರು ಕೃಷಿ ಕಚೇರಿಯ ಕ್ಷೇತ್ರ ಸಹಾಯಕಿ. ಸ್ಕೂಟರಿನ ಮೇಲೆ ಊರೂರು ತಿರುಗಿ ಬೆಳೆಗಳನ್ನು ನೋಡುವ ಕೆಲಸ. ಕೊನೆಯ ಮನೆಯವರ ಬದನೆ ಗಿಡಕ್ಕೆ ಹುಳ ಹತ್ತಿತ್ತೆಂದು ಬಂದಿದ್ದರು. ಅಣಬೆಯಕ್ಕ ರಸ್ತೆಯಲ್ಲೇ ಅವರನ್ನು ತಡೆದಳು.

"ಮೇಡಂ, ಒಂದು ಮಾತು. ಅಣಬೆ ಬೆಳೆಯೋರಿಗೂ ಆ ಪರಿಹಾರ ಬರುತ್ತಾ?"

ಸ್ಕೂಟರ್ ಮೇಡಂ ಹೆಲ್ಮೆಟ್ ತೆಗೆದರು. "ನನಗೆ ಗೊತ್ತಿಲ್ಲ ಅಕ್ಕಾ," ಎಂದರು.

ಕಚೇರಿಯವರಿಗೇ ಗೊತ್ತಿಲ್ಲದಿದ್ದರೆ ಇನ್ನು ಯಾರಿಗೆ ಗೊತ್ತಿರುತ್ತದೆ?

"ಭತ್ತ, ಜೋಳ, ತರಕಾರಿ ಇದಕ್ಕೆಲ್ಲ ನಿಯಮ ಬಂದಿದೆ. ಅಣಬೆ ಬಗ್ಗೆ ನಾನು ಓದಿಲ್ಲ. ಓದದೆ ಹೂಂ ಅಂದ್ರೂ ತಪ್ಪು, ಊಹೂಂ ಅಂದ್ರೂ ತಪ್ಪು. ಕೇಳಿ ಹೇಳ್ತೀನಿ. ಆದ್ರೆ ಒಂದು ವಿಷಯ ಮಾತ್ರ ಈಗಲೇ ಹೇಳಬಲ್ಲೆ. ಇದು ಸಾಲ ಅಲ್ಲ. ವಾಪಸ್ ಕಟ್ಟೋ ಹಾಗಿಲ್ಲ. ಅರ್ಜಿಗೆ ಶುಲ್ಕನೂ ಇಲ್ಲ."

"ರೇಷನ್ ಕಾರ್ಡ್ ಹೋಗುತ್ತಾ ಮೇಡಂ? ಕೊಟ್ಟಿಗೆ ಸರ್ಕಾರಕ್ಕೆ ಹೋಗುತ್ತಾ?"

ಸ್ಕೂಟರ್ ಮೇಡಂ ನಕ್ಕುಬಿಟ್ಟರು. "ನಿಮ್ಮ ಕೊಟ್ಟಿಗೆ ತಗೊಂಡು ಸರ್ಕಾರ ಏನು ಮಾಡುತ್ತೆ ಅಕ್ಕಾ? ಅದೆಲ್ಲ ಗಾಳಿಮಾತು."

ಎರಡು ದಿನ ಬಿಟ್ಟು ಅವರೇ ಫೋನ್ ಮಾಡಿದರು. ದನಿಯಲ್ಲಿ ಸುಸ್ತಿತ್ತು. "ಅಕ್ಕಾ, ನಮ್ಮ ಕಚೇರೀಲಿ ಕೇಳಿದೆ. ಅಣಬೆ ತೋಟಗಾರಿಕೆಗೆ ಸೇರಿದ್ದು ಅಂದ್ರು. ತೋಟಗಾರಿಕೆಯವರನ್ನ ಕೇಳಿದೆ. ತೋಟ ಎಲ್ಲಿದೆ, ಶೆಡ್ ಒಳಗೆ ಬೆಳೆದ್ರೆ ಅದು ಸಣ್ಣ ಉದ್ಯಮ ಅಲ್ವಾ ಅಂದ್ರು. ಉದ್ಯಮದವರನ್ನ ಕೇಳಿದ್ರೆ, ಬೆಳೆಯೋದೆಲ್ಲ ಕೃಷೀನೇ, ಕೃಷಿ ಕಚೇರೀಲಿ ಕೇಳಿ ಅಂದ್ರು."

"ಹಾಗಾದ್ರೆ ನಾವು ಯಾರು ಮೇಡಂ?"

"ಅದನ್ನೇ ಲಿಖಿತವಾಗಿ ಕೇಳಿದೀನಿ. ಮೇಲಿಂದ ಉತ್ತರ ಬರಬೇಕು. ತಾಳ್ಮೆ ಇರಲಿ ಅಕ್ಕಾ. ನನಗೂ ತಲೆ ಕೆಟ್ಟಿದೆ."

ಈ ಮಾತು ಕೇಳಿ ದರ್ಜಿ ಕೈಕೊಡವಿದ. "ನೋಡ್ದಾ? ಮೂರು ಕಚೇರಿ ಸುತ್ತಿದ್ರೂ ನಾವು ಎಲ್ಲೂ ಸೇರಲ್ಲ. ಉತ್ತರ ಬರೋ ಹೊತ್ತಿಗೆ ಸಿಮೆಂಟಿನವರು ಬೇರೆ ಜಾಗ ನೋಡ್ಕೊಂಡಿರ್ತಾರೆ."

ಅವನು ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದ. ಹೋದವನು ಸಿಕ್ಕಿದ್ದು ರೇಡಿಯೋ ಮಾವನ ಕೈಗೆ. "ನೀನೊಬ್ಬ ಹುಚ್ಚಪ್ಪ. ಕಚೇರಿ ಬಾಗಿಲು ಯಾಕೆ ಕಾಯ್ತೀಯ? ಬಸ್ ಸ್ಟ್ಯಾಂಡ್ ಹತ್ರ ಜೆರಾಕ್ಸ್ ಅಂಗಡಿಯವನಿದಾನಲ್ಲ, ಎಲ್ಲ ಮಾಡಿಸಿಕೊಡ್ತಾನಂತೆ," ಎಂದರು ಮಾವ.

ದರ್ಜಿ ಮನೆಯಿಂದ ಗುರುತಿನ ಚೀಟಿ, ಪಾಸ್‌ಬುಕ್ ಎತ್ತಿಕೊಂಡು ಅಲ್ಲಿಗೆ ಹೋದ. ಜೆರಾಕ್ಸ್ ಅಂಗಡಿಯವನು ಕುರ್ಚಿ ಎಳೆದು ಕೂರಿಸಿದ. ಫ್ಯಾನ್ ತಿರುಗಿಸಿದ. ದರ್ಜಿ ಕೇಳಿದ ಪ್ರತಿ ಪ್ರಶ್ನೆಗೂ ಅವನ ಬಳಿ ಸಿದ್ಧ ಉತ್ತರವಿತ್ತು.

"ನಮಗೆ ಬರುತ್ತಾ?"

"ಬರದೆ ಏನು? ಖಂಡಿತ ಬರುತ್ತೆ."

"ಅಣಬೆಗೆ ಬರುತ್ತೋ ಇಲ್ವೋ ಅಂತ ಕಚೇರಿಯವರಿಗೇ..."

"ಕಚೇರಿಯವರ ಮಾತು ಬಿಡಿ. ನನ್ನ ಮೇಲೆ ಹಾಕಿ. ಬಂದದ್ದರಲ್ಲಿ ಅರ್ಧ ನಿಮಗೆ, ಅರ್ಧ ಮೇಲಿನವರಿಗೆ. ನಿಮ್ಮ ಗುರುತಿನ ಚೀಟಿ, ಪಾಸ್‌ಬುಕ್ ಜೆರಾಕ್ಸ್ ಕೊಡಿ. ಫೋನಿಗೆ ಒಂದು ನಂಬರ್ ಬರುತ್ತೆ, ಅದನ್ನ ನನಗೆ ಹೇಳಿದ್ರೆ ಸಾಕು."

ಎಷ್ಟೋ ದಿನಗಳಿಂದ ಎಲ್ಲರ ಬಾಯಲ್ಲೂ ಗೊತ್ತಿಲ್ಲ, ಗೊತ್ತಿಲ್ಲ ಎಂದೇ ಕೇಳಿದ್ದ ದರ್ಜಿಗೆ ಈ ಮಾತು ತಂಪೆರೆದ ಹಾಗಾಯಿತು. ಬಟ್ಟೆಯನ್ನು ಅಷ್ಟು ಸಲ ಅಳೆಯುವ ಮನುಷ್ಯ ಅಂದು ಏನನ್ನೂ ಅಳೆಯಲಿಲ್ಲ. ಜೆರಾಕ್ಸ್ ಪ್ರತಿಗಳನ್ನೂ ಫೋನ್ ನಂಬರನ್ನೂ ಕೊಟ್ಟು, ಎದ್ದು ಬಂದ. ಆದರೆ ಫೋನನ್ನು ಅವನು ಮನೆಯಲ್ಲೇ ಮರೆತು ಹೋಗಿದ್ದ.

ಇತ್ತ ಮನೆಯಲ್ಲಿ ಆ ಫೋನ್ ಬಡಿದುಕೊಂಡಿತು. ಅಣಬೆಯಕ್ಕ ಎತ್ತಿದಳು.

"ಅಕ್ಕಾ, ಯಜಮಾನರ ಫೋನಿಗೆ ಈಗ ಒಂದು ನಂಬರ್ ಬಂದಿರುತ್ತೆ. ಬೇಗ ಓದಿ ಹೇಳಿ."

"ಯಾವ ನಂಬರ್? ನೀವು ಯಾರು?"

"ಅದೇ, ನಿಮ್ಮ ತರಕಾರಿ ತೋಟದ ಪರಿಹಾರದ್ದು."

ಅವಳಿಗೆ ಒಂದೂ ಅರ್ಥವಾಗಲಿಲ್ಲ. "ನಮಗೆ ತರಕಾರಿ ತೋಟ ಎಲ್ಲಿದೆಯಪ್ಪಾ?"

"ಕಾಗದದಲ್ಲಿ ಇರುತ್ತಲ್ಲ ಅಕ್ಕಾ. ನೀವು ಸುಮ್ನೆ ನಂಬರ್ ಓದಿ. ಹೊತ್ತಾದ್ರೆ ಹಣ ತಪ್ಪಿ ಹೋಗುತ್ತೆ."

ಅವಳು ಫೋನಿನ ಪರದೆ ನೋಡಿದಳು. ನಂಬರ್ ಬಂದಿತ್ತು. ಅದರ ಕೆಳಗೆ ಇದನ್ನು ಯಾರಿಗೂ ಹೇಳಬೇಡಿ ಎಂದು ಬರೆದಿತ್ತು. ಯಾರಿಗೂ ಎಂದರೆ ಈ ಮನುಷ್ಯನಿಗೂ ಅಂತಲೇ ಅಲ್ಲವೇ? ಅವಳು ಫೋನ್ ಇಟ್ಟುಬಿಟ್ಟಳು.

ಗಂಡ ಬಂದ ಮೇಲೆ ಮನೆಯಲ್ಲಿ ದೊಡ್ಡ ಮಾತಾಯಿತು.

"ಇಲ್ಲದ ತೋಟ ತೋರಿಸಿ ಹಣ ತಗೊಳ್ಳೋಕೆ ಹೋಗಿದ್ರಾ?"

"ತೋಟ ಗೀಟ ನನಗೆ ಗೊತ್ತಿಲ್ಲ ಕಣೇ! ಮಾಡಿಸ್ಕೊಡ್ತೀನಿ ಅಂದ, ಕೊಟ್ಟೆ. ಅವನೊಬ್ಬನಾದ್ರೂ ಧೈರ್ಯವಾಗಿ ಮಾತಾಡಿದ."

"ಅವನಿಗೇನು ರೀ? ಸಿಕ್ಕಿಬಿದ್ರೆ ಸಿಕ್ಕಿಬೀಳೋದು ನಿಮ್ಮ ಹೆಸರು, ಅವನದ್ದಲ್ಲ."

ಆಗ ಮೂಲೆಯಿಂದ ಅತ್ತೆ ಎದ್ದು ಬಂದರು. ಮಗ ತಾಯಿ ತನ್ನ ಪರ ಮಾತಾಡುತ್ತಾರೆ ಎಂದುಕೊಂಡ. ಅತ್ತೆ ಅವನನ್ನು ನೇರ ನೋಡಿದರು.

"ನಿಮ್ಮಪ್ಪ ಮತ್ತೆ ನಾನು ಕಂಡವರ ಹೊಲದಲ್ಲಿ ದುಡಿದ್ವಿ ಕಣೋ. ಪ್ರವಾಹ ಬಂದ ವರ್ಷ ಸರ್ಕಾರದವರು ಪರಿಹಾರ ಕೊಡೋಕೆ ಬಂದ್ರು. ಹೊಲದ ಯಜಮಾನರು ತಮ್ಮ ಹೆಸರಲ್ಲಿ ಬರೆಸಿ ತಗೊಂಡು ಹೋದ್ರು. ಬಿತ್ತಿದ್ದು ನಾವು, ಕೊಚ್ಚಿಕೊಂಡು ಹೋಗಿದ್ದು ನಮ್ಮ ಪೈರು. ನಮ್ಮನ್ನ ಯಾರೂ ಕೇಳಲಿಲ್ಲ. ನಾವೂ ಬಾಯಿ ಬಿಟ್ಟು ಕೇಳಲಿಲ್ಲ." ಅವರು ಬಾಗಿಲ ಕಡೆ ಕೈ ತೋರಿಸಿದರು. "ಬೆಳೆಯದೆ ಇರೋರು ಬೆಳೆದಿದೀವಿ ಅಂತ ಬರೆಸೋದು ಅಂದ್ರೆ ಏನು ಅಂತ ನನಗೆ ಗೊತ್ತು. ಹೋಗು. ಆ ಜೆರಾಕ್ಸ್ ವಾಪಸ್ ತಗೊಂಡು ಬಾ."

ಮದುವೆಯಾಗಿ ಇಷ್ಟು ವರ್ಷವಾದರೂ ಅತ್ತೆ ಈ ಸಂಗತಿಯನ್ನು ಹೇಳಿದ್ದನ್ನು ಅಣಬೆಯಕ್ಕ ಕೇಳಿರಲಿಲ್ಲ. ಅತ್ತೆಯ ಕೈ ಹಿಡಿದು ಕೂರಿಸಿ, ಕುಡಿಯಲು ನೀರು ಕೊಟ್ಟಳು.

ಗಂಡ ಹೆಂಡತಿ ಇಬ್ಬರೂ ಬಸ್ ಸ್ಟ್ಯಾಂಡಿಗೆ ಹೋದರು. ಜೆರಾಕ್ಸ್ ಅಂಗಡಿಯವನು ಮೊದಲು ನಕ್ಕ, ಆಮೇಲೆ ಗದರಿಸಿದ. ಅಣಬೆಯಕ್ಕ ಅಲ್ಲಿಂದಲೇ ಸ್ಕೂಟರ್ ಮೇಡಂಗೆ ಫೋನ್ ಹಚ್ಚಿ, ಎಲ್ಲರಿಗೂ ಕೇಳುವ ಹಾಗೆ ನಡೆದದ್ದನ್ನು ಹೇಳತೊಡಗಿದಳು. ಅವನು ತೆಪ್ಪಗೆ ಕಾಗದ ತೆಗೆದು ಮುಂದಿಟ್ಟ.

"ನಂಬರ್ ಹೇಳಿಲ್ಲ ಅಂದ್ರೆ ಬಚಾವಾದ್ರಿ," ಎಂದರು ಮೇಡಂ ಫೋನಿನಲ್ಲಿ. "ಆದ್ರೂ ಬ್ಯಾಂಕಿಗೆ ಹೋಗಿ ಒಂದು ಮಾತು ಹೇಳಿ ಬನ್ನಿ. ಇನ್ನೊಂದು ವಿಷಯ ಅಕ್ಕಾ, ನಾನೇ ಫೋನ್ ಮಾಡಬೇಕು ಅಂತಿದ್ದೆ. ಉತ್ತರ ಬಂತು. ಅಣಬೆಯನ್ನೂ ಬೆಳೆ ಅಂತ ಸೇರಿಸಿದಾರೆ!"

ಅಣಬೆಯಕ್ಕ ಬಸ್ ಸ್ಟ್ಯಾಂಡಿನ ಗದ್ದಲದ ನಡುವೆ ಫೋನನ್ನು ಕಿವಿಗೆ ಒತ್ತಿಕೊಂಡಳು. "ಮತ್ತೊಂದು ಸಲ ಹೇಳಿ ಮೇಡಂ."

"ಅಣಬೆಯೂ ಬೆಳೆ. ಸ್ವಂತ ಜಮೀನು ಇರಲೇಬೇಕು ಅಂತಿಲ್ಲ. ಆದ್ರೆ ಅರ್ಜಿ ಬೆಳೆಯೋರ ಹೆಸರಲ್ಲೇ ಇರಬೇಕು. ಅಧಿಕಾರಿ ಬಂದು ಜಾಗ ನೋಡ್ತಾರೆ."

ಅಣಬೆಯಕ್ಕನ ಹೆಸರಲ್ಲೇ ಅರ್ಜಿ ಕೊಟ್ಟು ಬಂದರು. ಅಣಬೆಯಕ್ಕ ಕೊಟ್ಟಿಗೆಯನ್ನು ಗುಡಿಸಿ, ನೆಲ ಒರೆಸಿದಳು. ಆಮೇಲೆ ಅವಳಿಗೆ ಹೊಸ ಚಿಂತೆ ಹತ್ತಿತು. ಖಾಲಿ ಕೊಟ್ಟಿಗೆ, ಖಾಲಿ ಹಗ್ಗ. ಇಲ್ಲಿ ಅಣಬೆ ಇತ್ತು ಎಂದರೆ ಅಧಿಕಾರಿ ಯಾಕೆ ನಂಬಬೇಕು?

ಅಧಿಕಾರಿ ಒಂದು ಮಳೆಯ ಬೆಳಿಗ್ಗೆ ಸ್ಕೂಟರ್ ಮೇಡಂ ಜೊತೆ ಬಂದರು. ಕೊಡೆ ಮಡಿಸಿ ಜಗಲಿಗೆ ಒರಗಿಸಿ ಕೇಳಿದರು, "ಇಲ್ಲಿ ಬೆಳೆಗಾರರು ಯಾರು?"

ದರ್ಜಿ ಅಭ್ಯಾಸಬಲದಿಂದ ಮುಂದೆ ಬಂದ. ಮನೆಗೆ ಯಾರು ಬಂದರೂ ಮಾತಾಡುವವನು ಅವನೇ ಅಲ್ಲವೇ?

"ಒಂದು ಚೀಲದಿಂದ ಎಷ್ಟು ಸಲ ಬೆಳೆ ಕೀಳ್ತೀರಿ?" ಎಂದು ಕೇಳಿದರು ಅಧಿಕಾರಿ.

ದರ್ಜಿ ಹೆಂಡತಿಯ ಮುಖ ನೋಡಿದ. ಹೆಂಡತಿ ಸಂಕೋಚದಿಂದ ನೆಲ ನೋಡಿದಳು. ಅಧಿಕಾರಿ ಗೊಂದಲದಿಂದ ಕಾಗದ ನೋಡಿದರು. "ಇದರಲ್ಲಿ ಹೆಂಗಸಿನ ಹೆಸರಿದೆ. ನಿಜವಾಗಿ ಬೆಳೆಯೋರು ಯಾರು? ನೀವಾ, ಅವರಾ?"

ಆಗ ಬಾಗಿಲಲ್ಲಿ ನಿಂತಿದ್ದ ಅತ್ತೆ ಮುಂದೆ ಬಂದರು. "ಸಾರ್, ಈ ಮನೇಲಿ ಬೇಸಾಯ ಮಾಡೋಳು ನನ್ನ ಸೊಸೆ. ಇವನು ಬಟ್ಟೆ ಹೊಲೀತಾನೆ. ಅವಳನ್ನೇ ಕೇಳಿ," ಎಂದರು. ಸೊಸೆಯ ಕಡೆ ತಿರುಗಿ, "ಹೇಳೇ, ಬಾಯಿಲ್ವಾ ನಿನಗೆ?" ಎಂದು ಗದರಿದರು.

ಅಣಬೆಯಕ್ಕ ಮೊದಲು ತಡವರಿಸಿದಳು. ಆಮೇಲೆ ಮಾತು ತಾನಾಗಿ ಬಂತು. ಹುಲ್ಲು ಬೇಯಿಸುವುದರಿಂದ ಹಿಡಿದು ಹೋಟೆಲಿನ ಫೋನಿನವರೆಗೆ ಎಲ್ಲವನ್ನೂ ಹೇಳಿದಳು. ಕೊಳೆತದ್ದನ್ನು ಸುರಿದ ದಿನದ ಬಗ್ಗೆಯೂ ಹೇಳಿದಳು.

"ಅದನ್ನ ಎಲ್ಲಿ ಸುರಿದ್ರಿ ಅಮ್ಮ?" ಎಂದು ಅಧಿಕಾರಿ ಮೆಲ್ಲಗೆ ಕೇಳಿದರು.

ಎಲ್ಲರೂ ಹಿತ್ತಲಿಗೆ ಹೋದರು. ಮೂಲೆಯಲ್ಲಿ ಹಳೆಯ ಹುಲ್ಲಿನ ಗುಡ್ಡೆ ಮಳೆಗೆ ನೆನೆದು ಕಪ್ಪಗಾಗಿತ್ತು. ಅದರ ಒಂದು ಬದಿಯಲ್ಲಿ, ಯಾರೂ ನೋಡಿಕೊಳ್ಳದೆ, ಯಾರೂ ನೀರು ಚಿಮುಕಿಸದೆ, ಬೆರಳಗಲದ ಬಿಳಿ ಅಣಬೆಗಳು ಗುಂಪಾಗಿ ಎದ್ದಿದ್ದವು. ಅಣಬೆಯಕ್ಕ ಅದನ್ನು ಕಂಡು ಬೆರಗಾಗಿ ಮಂಡಿಯೂರಿ ಕುಳಿತಳು. ಅಧಿಕಾರಿ ಬಾಗಿ ನೋಡಿ, ಫೋಟೋ ತೆಗೆದುಕೊಂಡರು.

ಬೇಲಿಯ ಆಚೆ ಬೀದಿಯವರೂ ಸೇರಿದ್ದರು. ರೇಡಿಯೋ ಮಾವ ತಡೆಯಲಾರದೆ ಕೂಗಿದರು. "ಸಾರ್, ನಾನೂ ಸಾಕ್ಷಿ! ಆಗ ಈ ಮನೆಯವರು ಕೊಟ್ಟ ಅಣಬೆ ತಿಂದೂ ತಿಂದೂ ನಮ್ಮ ನಾಲಗೆಗೆ ಬೇರೆ ರುಚಿಯೇ ಮರೆತುಹೋಗಿತ್ತು!"

ಅಧಿಕಾರಿಗೂ ನಗು ಬಂತು. ಅಣಬೆಯಕ್ಕನಿಂದ ರುಜು ಹಾಕಿಸಿಕೊಂಡು ಹೊರಟರು.

ಅಷ್ಟಕ್ಕೇ ಹಣ ಬಂದುಬಿಡಲಿಲ್ಲ. ಕಾಯಬೇಕಾಯಿತು. ಕಾಯುವಾಗ ಮತ್ತೆ ಹತ್ತು ಬಾಯಿ ಹತ್ತು ಮಾತು. ಹಣವೆಲ್ಲ ಮುಗಿದುಹೋಯಿತಂತೆ ಎಂದರು ಒಬ್ಬರು. ಎರಡರಷ್ಟು ಕೊಡುತ್ತಾರಂತೆ ಎಂದರು ಇನ್ನೊಬ್ಬರು. ದರ್ಜಿ ಪ್ರತಿಯೊಂದು ಮಾತನ್ನೂ ಮನೆಗೆ ಹೊತ್ತು ತರುತ್ತಿದ್ದ. ಅಣಬೆಯಕ್ಕ ಸ್ಕೂಟರ್ ಮೇಡಂಗೆ ಫೋನ್ ಮಾಡಿ ಕೇಳುತ್ತಿದ್ದಳು. ಕೆಲವು ಸಲ ಅವರು ಉತ್ತರ ಹೇಳುತ್ತಿದ್ದರು, ಕೆಲವು ಸಲ "ಇನ್ನೂ ಗೊತ್ತಿಲ್ಲ ಅಕ್ಕಾ" ಎನ್ನುತ್ತಿದ್ದರು. ಸಿಮೆಂಟ್ ಅಂಗಡಿಯವರು ಮತ್ತೆ ಬಂದು ಕೇಳಿದಾಗ ದರ್ಜಿ ಬಾಯಿ ತೆರೆಯುವ ಮೊದಲೇ ಅತ್ತೆ ಹೇಳಿ ಕಳಿಸಿದರು, "ಕೊಟ್ಟಿಗೆ ಖಾಲಿ ಇಲ್ಲಪ್ಪಾ."

ಕೊನೆಗೊಂದು ದಿನ ಅಣಬೆಯಕ್ಕನ ಫೋನಿಗೆ ಸಂದೇಶ ಬಂತು. ಖಾತೆಗೆ ಹಣ ಜಮೆಯಾಗಿದೆ ಎಂದಿತ್ತು. ಗಂಡ ಹೆಂಡತಿ ಇಬ್ಬರೂ ಅದನ್ನು ಓದಿದರು. ಖುಷಿಪಡುವುದೋ ಹೆದರುವುದೋ ತಿಳಿಯಲಿಲ್ಲ.

"ಇದೂ ಮೋಸ ಇರಬಹುದಾ?" ಎಂದ ದರ್ಜಿ.

"ಇರಬಹುದು. ಬ್ಯಾಂಕಿಗೇ ಹೋಗಿ ನೋಡೋಣ," ಎಂದಳು ಅವಳು.

ಬ್ಯಾಂಕಿನ ಹೊರಗೆ ದೂರ ದೂರ ವೃತ್ತ ಎಳೆದಿದ್ದರು. ಅದರಲ್ಲಿ ನಿಂತು, ಸರದಿ ಬಂದಾಗ ಪಾಸ್‌ಬುಕ್ ಕೊಟ್ಟಳು. ಕೌಂಟರಿನ ಹುಡುಗಿ ನೋಡಿ ತಲೆಯಾಡಿಸಿದಳು. ಹಣ ಬಂದಿತ್ತು. ಆದ ನಷ್ಟವನ್ನೆಲ್ಲ ತುಂಬುವಷ್ಟಲ್ಲ, ಬೀದಿಯವರು ಹೇಳಿದಷ್ಟಂತೂ ಅಲ್ಲವೇ ಅಲ್ಲ. ಆದರೆ ಬೀಜಕ್ಕೆ, ಹುಲ್ಲಿಗೆ, ಚೀಲಕ್ಕೆ ಸಾಕಾಗುವಷ್ಟಿತ್ತು. ಅದು ಬಂದದ್ದು ಅವಳದೇ ಹೆಸರಿಗೆ, ಅವಳದೇ ಖಾತೆಗೆ.

ಮುಂದಿನ ವಾರ ಮನೆಯ ಅಂಗಳದಲ್ಲಿ ಡ್ರಮ್ಮಿನಡಿ ಬೆಂಕಿ ಉರಿಯಿತು. ಹುಲ್ಲು ಬೇಯುವ ಹಬೆ ಬೀದಿಗೆಲ್ಲ ಹರಡಿತು. ದರ್ಜಿ ಚೀಲಗಳ ಬಾಯಿ ಕಟ್ಟಲು ದಾರ ಕತ್ತರಿಸಿ ಕೊಟ್ಟ. ಒಂದೊಂದನ್ನೂ ಅಳೆದು ಅಳೆದು ಕತ್ತರಿಸುತ್ತಿದ್ದುದರಿಂದ ಕೆಲಸ ಬಲು ನಿಧಾನವಾಯಿತು. ಅತ್ತೆ ಸೆರಗು ಸಿಕ್ಕಿಸಿಕೊಂಡು ಕೊಟ್ಟಿಗೆಗೆ ಬಂದರು. "ಬೀಜ ಎಷ್ಟು ಹಾಕ್ಬೇಕೇ? ತೋರಿಸು," ಎಂದರು. ಸೊಸೆ ತೋರಿಸಿದಳು. ಅತ್ತೆ ಒಂದು ಪದರ ಹುಲ್ಲು, ಅದರ ಅಂಚಿಗೆ ಒಂದು ಹಿಡಿ ಬೀಜ, ಮತ್ತೆ ಒಂದು ಪದರ ಹುಲ್ಲು ಎಂದು ಒತ್ತಿ ಒತ್ತಿ ತುಂಬಿದರು. ಗದ್ದೆಯಲ್ಲಿ ದುಡಿದ ಕೈ. ಬೀಜ ಒಂದು ಕಾಳೂ ಕೆಳಗೆ ಚೆಲ್ಲಲಿಲ್ಲ.

ಹಬೆ ನೋಡಿ ಪಕ್ಕದ ಬೀದಿಯಿಂದ ಒಬ್ಬರು ಬಂದರು. ಮನೆಯ ಮಹಡಿಯ ಮೇಲೆ ಬಾತುಕೋಳಿ ಸಾಕುತ್ತಿದ್ದವರು. ರೋಗದ ಕಾಲದಲ್ಲಿ ಮೊಟ್ಟೆ ಕೊಳ್ಳುವವರಿಲ್ಲದೆ ಅವರಿಗೂ ಪೆಟ್ಟು ಬಿದ್ದಿತ್ತು. ಬಾಗಿಲಲ್ಲಿ ನಿಂತು, ಕೇಳಲೋ ಬೇಡವೋ ಎನ್ನುವ ಹಾಗೆ ಕೇಳಿದರು. "ಅಕ್ಕಾ, ಬಾತುಕೋಳಿಗೆ ಪರಿಹಾರ ಬರುತ್ತೋ ಇಲ್ವೋ ಗೊತ್ತಿಲ್ಲ. ಕೊನೆ ದಿನ ಮುಗಿದಿದೆ ಅಂತಲೂ ಅಂತಾರೆ."

ಅಣಬೆಯಕ್ಕನಿಗೂ ಗೊತ್ತಿರಲಿಲ್ಲ. ಅವಳು ಕೈಗೆ ಅಂಟಿದ ಹುಲ್ಲನ್ನು ಒರೆಸಿಕೊಂಡು, ಗಂಡನಿಗೆ ಬೆಂಕಿ ನೋಡಿಕೊಳ್ಳಲು ಹೇಳಿ, ಚಪ್ಪಲಿ ಮೆಟ್ಟಿಕೊಂಡಳು. "ಕಚೇರಿ ಇನ್ನೂ ತೆರೆದಿರುತ್ತೆ. ನಡೀರಿ, ಹೋಗಿ ಬರೋಣ," ಎಂದಳು.

ಇದನ್ನು ಓದುತ್ತಿರುವ, ಕೇಳುತ್ತಿರುವ ಅಕ್ಕ, ಅಣ್ಣ, ತಾಯಂದಿರೇ, ನೀವೂ ಕೊಟ್ಟಿಗೆಯಲ್ಲಿ, ಮಹಡಿಯ ಮೇಲೆ, ಬೇರೆಯವರ ಹೊಲದಲ್ಲಿ ಏನನ್ನಾದರೂ ಬೆಳೆಯುತ್ತಿರಬಹುದು, ಸಾಕುತ್ತಿರಬಹುದು. ನಿಮ್ಮೂರಿನ ಯೋಜನೆಯ ಹೆಸರು ಬೇರೆ ಇರಬಹುದು, ನಿಯಮ ಬೇರೆ ಇರಬಹುದು. ನಿಮಗೆ ಸಲ್ಲುತ್ತದೋ ಇಲ್ಲವೋ ಎಂದು ನಾನು ಇಲ್ಲಿಂದ ಹೇಳಲಾರೆ. ನಮಗೆಲ್ಲಿ ಕೊಡುತ್ತಾರೆ ಎಂದು ನೀವೇ ತೀರ್ಮಾನ ಮಾಡಿಕೊಂಡು ಮನೆಯಲ್ಲಿ ಕೂರಬೇಡಿ. ಹತ್ತಿರದ ಕಚೇರಿಗೆ ನೀವೇ ಹೋಗಿ. ಒಬ್ಬರೇ ಹೋಗಲು ಅಳುಕಾದರೆ ಸಂಘದವರನ್ನು, ನೆರೆಯವರನ್ನು ಕರೆದುಕೊಂಡು ಹೋಗಿ. ದುಡಿಯುವವರು ಯಾರೋ ಅವರ ಹೆಸರಿನಲ್ಲೇ ಅರ್ಜಿ ಕೊಡಿ. ಪಾಲು ಕೇಳುವವರಿಗೆ ಕಾಗದ ಕೊಡಬೇಡಿ, ಫೋನಿಗೆ ಬಂದ ನಂಬರನ್ನು ಯಾರಿಗೂ ಓದಿ ಹೇಳಬೇಡಿ. ಕಚೇರಿಯಲ್ಲಿ ಕುಳಿತವರು ಗೊತ್ತಿಲ್ಲ ಎಂದರೆ ಕೋಪ ಮಾಡಿಕೊಳ್ಳಬೇಡಿ, ಯಾರಿಗೆ ಗೊತ್ತು ಎಂದು ಕೇಳಿ. ಉತ್ತರ ಸಿಗುವ ತನಕ ಕೇಳಿ.

ನಾಳೆ ಕಚೇರಿ ತೆರೆದಿರುತ್ತದೆ. ಹೋಗಿ ಬನ್ನಿ.